ಗಣಪತಿಯ ಮುಂದೆ ಕಾಮರ್ಸ್

ಗೋಪಾಲಕೃಷ್ಣ ಸರ್ ಒಳ್ಳೆಯ ಮನುಷ್ಯ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ, ಯಾಕೆಂದರೆ ಮುಂದೆ ಬರುವುದೆಲ್ಲ ಅವರ ಹೊಟ್ಟೆಕಿಚ್ಚಿನ ವಿಷಯ.

ಮಂಗಳೂರಿನ ಒಂದು ಪದವಿಪೂರ್ವ ಕಾಲೇಜಿನಲ್ಲಿ ಅವರು ಅಕೌಂಟೆನ್ಸಿ ಕಲಿಸುತ್ತಾರೆ. ಮನೆ ಕದ್ರಿಯಲ್ಲಿ, ಗುಡ್ಡದ ಇಳಿಜಾರಿಗೆ. ಪಾಠ ಚೆನ್ನಾಗಿ ಮಾಡುತ್ತಾರೆ. ಡೆಬಿಟ್ ಯಾವುದು ಕ್ರೆಡಿಟ್ ಯಾವುದು ಎಂದು ತಲೆಗೆ ಹೋಗದ ಮಕ್ಕಳನ್ನು ಸಂಜೆ ಕೂರಿಸಿಕೊಂಡು, ಗೂಡಂಗಡಿಯ ವ್ಯಾಪಾರದ ಉದಾಹರಣೆ ಕೊಟ್ಟು, ನಗಿಸಿ ಕಲಿಸುತ್ತಾರೆ. ಬಸ್ ತಪ್ಪಿದ ಹುಡುಗರನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಸ್ಟೇಟ್ ಬ್ಯಾಂಕ್ ಬಸ್ ಸ್ಟ್ಯಾಂಡಿನವರೆಗೆ ಬಿಟ್ಟು ಬರುತ್ತಾರೆ. ಆದರೆ ಹತ್ತನೆಯ ತರಗತಿಯ ಫಲಿತಾಂಶ ಬಂದು ಕಾಲೇಜಿನಲ್ಲಿ ಅಡ್ಮಿಷನ್ ಶುರುವಾಯಿತೋ, ಈ ಒಳ್ಳೆಯ ಮನುಷ್ಯನ ಮುಖ ಹಾಗಲಕಾಯಿ ತಿಂದ ಹಾಗಾಗುತ್ತದೆ.

ಅಡ್ಮಿಷನ್ ನಡೆಯುವುದು ಕಾಲೇಜಿನ ದೊಡ್ಡ ಹಾಲಿನಲ್ಲಿ. ಬಾಗಿಲು ದಾಟಿದ ಕೂಡಲೇ, ಫ್ಯಾನಿನ ಕೆಳಗೆ, ಸೈನ್ಸಿನ ಟೇಬಲ್. ಅದರ ಎದುರಿನ ಸಾಲು ಹೊರಗೆ ಮೆಟ್ಟಿಲವರೆಗೂ ಇರುತ್ತದೆ. ಡಾಕ್ಟರ್ ಆಗಬೇಕಾದವರಿಗೆ ಬಯಾಲಜಿ ಇರುವ ಪಿಸಿಎಂಬಿ, ಎಂಜಿನಿಯರ್ ಆಗಬೇಕಾದವರಿಗೆ ಕಂಪ್ಯೂಟರ್ ಇರುವ ಪಿಸಿಎಂಸಿ. ಕಾಮರ್ಸಿನ ಟೇಬಲ್ ಆಚೆ ಕಿಟಕಿಯ ಬದಿಗೆ, ಮಧ್ಯಾಹ್ನದ ಬಿಸಿಲು ನೇರ ಕುತ್ತಿಗೆಗೆ ಬೀಳುವ ಕಡೆ. ಸೈನ್ಸಿನಲ್ಲಿ ಮಾರ್ಕು ಸಾಲದೆ ಹೋದವರಿಗೆ ಅಲ್ಲಿದ್ದವರು ಗಲ್ಲ ಎತ್ತಿ ಈ ಕಡೆ ತೋರಿಸುತ್ತಾರೆ: "ಅಲ್ಲಿ ಕೇಳಿ ನೋಡಿ." ತಂದೆ-ತಾಯಿ ಆಸ್ಪತ್ರೆಯಿಂದ ಹೊರಗೆ ಬಂದವರ ಹಾಗೆ ಮುಖ ಮಾಡಿಕೊಂಡು ಗೋಪಾಲಕೃಷ್ಣ ಸರ್ ಮುಂದೆ ಕೂರುತ್ತಾರೆ. "ಸೈನ್ಸ್ ಸಿಗ್ಲಿಲ್ಲ ಸರ್, ಹಾಗೆ..." ಎನ್ನುತ್ತಾರೆ. ಆ "ಹಾಗೆ" ಎಂಬುದನ್ನು ಕೇಳಿ ಕೇಳಿ ಅವರ ಕಿವಿ ಜಡ್ಡುಗಟ್ಟಿದೆ.

ಸಿ.ಎ. ಮಾಡಬೇಕೆಂದು ಆಸೆಪಟ್ಟು, ಕಾಮರ್ಸೇ ಬೇಕೆಂದು ಬರುವ ಮಕ್ಕಳೂ ಬೇಕಾದಷ್ಟು ಇದ್ದಾರೆ. ಜಾಣ ಮಕ್ಕಳು. ಅವರಲ್ಲಿ ಎಷ್ಟೋ ಮಂದಿ ಇಂದು ದೊಡ್ಡ ದೊಡ್ಡ ಕಂಪೆನಿಗಳ ಲೆಕ್ಕ ನೋಡುತ್ತಿದ್ದಾರೆ. ಆದರೆ ಗೋಪಾಲಕೃಷ್ಣ ಸರ್‌ಗೆ ಅವರು ಲೆಕ್ಕಕ್ಕೆ ಇಲ್ಲ. ಅವರಿಗೆ ಬೇಕಾದದ್ದು ಒಂದೇ ಒಂದು ಮಗು. ಸೈನ್ಸಿನವರು ಬಾ ಬಾ ಎಂದು ಕರೆಯುತ್ತಿರುವಾಗ ಆ ಟೇಬಲಿಗೆ ಬೆನ್ನು ಹಾಕಿ ತಮ್ಮ ಟೇಬಲಿಗೆ ಬರುವ ಮಗು. ಇನ್ನೂ ಸರಿಯಾಗಿ ಹೇಳಬೇಕೆಂದರೆ, ಕೃಷ್ಣಕಿಶೋರನಿಗೆ ಬೇಕಿದ್ದು, ಕೃಷ್ಣಕಿಶೋರನಿಗೆ ಸಿಗದೆ ಹೋದ ಮಗು.

ಕೃಷ್ಣಕಿಶೋರ ಎಂದರೆ ಫಿಸಿಕ್ಸಿನ ಸರ್. ಇಬ್ಬರೂ ಕಾಲೇಜಿಗೆ ಸೇರಿದ್ದು ಒಂದೇ ವರ್ಷ. ಇಬ್ಬರ ಅಪ್ಪಂದಿರೂ ದೇವಸ್ಥಾನದಲ್ಲಿ ಪೂಜೆ ಮಾಡುತ್ತಿದ್ದವರು. ಇಬ್ಬರಿಗೂ ಒಂದೇ ಸಂಬಳ. ಅಲ್ಲಿಗೆ ಸಾಮ್ಯ ಮುಗಿಯಿತು. ರ್‍ಯಾಂಕ್ ಬಂದ ಮಕ್ಕಳ ಫ್ಲೆಕ್ಸ್ ಗೇಟಿನಲ್ಲಿ ಏರಿದರೆ ಮೂಲೆಯಲ್ಲಿ ಕೃಷ್ಣಕಿಶೋರನ ಫೋಟೊ ಇರಲೇಬೇಕು. ಮಾವಿನ ಕಾಲದಲ್ಲಿ ಅವನ ಮನೆಗೆ ಹಣ್ಣಿನ ಪೆಟ್ಟಿಗೆ ಬರುತ್ತದೆ, ಹಳೆಯ ವಿದ್ಯಾರ್ಥಿಗಳ ಮದುವೆಯಲ್ಲಿ ಅವನಿಗೆ ಮುಂದಿನ ಸಾಲಿನ ಕುರ್ಚಿ. ಇಷ್ಟೆಲ್ಲ ಇದ್ದೂ ಮನುಷ್ಯನಿಗೆ ಸೊಕ್ಕು ಎಂಬುದು ಇಲ್ಲ. ಗೋಪಾಲಕೃಷ್ಣ ಸರ್‌ಗೆ ಸಹಿಸಲಾಗದ್ದು ಅದೇ. ಸೊಕ್ಕಿನವನಾಗಿದ್ದರೆ ಬೈದಾದರೂ ಹಗುರಾಗಬಹುದಿತ್ತು.

ಸ್ವಂತ ಮಗಳು ಶ್ರಾವಣಿ ಕೂಡ ಹತ್ತನೆಯದು ಮುಗಿಸಿದಾಗ ಪಿಸಿಎಂಬಿ ತೆಗೆದುಕೊಂಡಿದ್ದಳು. "ಅಪ್ಪ, ಬೇಜಾರು ಮಾಡ್ಬೇಡಿ" ಎಂದಿದ್ದಳು. ಬೇಜಾರು ಯಾಕೆ, ನಿನಗೆ ಇಷ್ಟವಾದದ್ದು ಓದು ಎಂದು ಇವರೂ ನಕ್ಕಿದ್ದರು. ಆಮೇಲೆ ಎರಡು ವರ್ಷ ಊಟದ ಹೊತ್ತಿಗೆ "ಕಿಶೋರ್ ಸರ್ ಹಾಗೆ ಹೇಳಿದ್ರು, ಕಿಶೋರ್ ಸರ್ ಹೀಗೆ ಹೇಳಿದ್ರು" ಎಂಬುದನ್ನು ಸಾರಿನ ಜೊತೆ ಕಲಸಿ ಉಂಡರು. ಅವಳಿಗೆ ಪಣಂಬೂರಿನ ಗೊಬ್ಬರದ ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸ ಸಿಕ್ಕಿದಾಗ ಮೊದಲ ಫೋನು ಹೋದದ್ದು ಕಿಶೋರ್ ಸರ್‌ಗೆ. ಅಪ್ಪನಿಗೆ ಗೊತ್ತಾದದ್ದು ಸ್ಟಾಫ್ ರೂಮಿನಲ್ಲಿ, ಕೃಷ್ಣಕಿಶೋರ ಓಡಿ ಬಂದು ಕೈ ಕುಲುಕಿದಾಗ. ಅಂದು ಅವರು ಎಲ್ಲರಿಗೂ ಲಾಡು ಹಂಚಿದರು, ತಾವು ಮಾತ್ರ ಒಂದನ್ನೂ ಬಾಯಿಗೆ ಹಾಕಲಿಲ್ಲ.

ಇನ್ನು ಗುಡಿಯ ವಿಷಯ. ಕುಲಶೇಖರದಲ್ಲಿ ಅವರ ಕುಟುಂಬದವರು ಪೂಜೆ ಮಾಡಿಕೊಂಡು ಬಂದ ಒಂದು ಸಣ್ಣ ಗಣಪತಿ ಗುಡಿ ಉಂಟು. ಅಣ್ಣತಮ್ಮಂದಿರ ಮಕ್ಕಳು ಸರದಿ ಹಾಕಿಕೊಂಡು ಪೂಜೆ ಮಾಡುತ್ತಾರೆ. ಗೋಪಾಲಕೃಷ್ಣ ಸರ್ ಸರದಿ ಬರುವುದು ರಜೆಯ ಕಾಲದಲ್ಲಿ. ನಮ್ಮ ಕಡೆ ಪೂಜೆಯಾದ ಮೇಲೆ ಭಟ್ಟರು ಸುಮ್ಮನೆ ಪ್ರಸಾದ ಕೊಟ್ಟು ಕಳುಹಿಸುವುದಿಲ್ಲ. ಸೇವೆ ಮಾಡಿಸಿದವರನ್ನು ಗರ್ಭಗುಡಿಯ ಎದುರಿನ ನಡೆಯಲ್ಲಿ ಕೈಮುಗಿಸಿ ನಿಲ್ಲಿಸಿ, ಇವರು ಇಂಥವರು, ಇಂಥ ಕಷ್ಟಕ್ಕೆ ಬಂದಿದ್ದಾರೆ, ಇಂಥದ್ದು ನಡೆಸಿಕೊಡಬೇಕು ಎಂದು ದೇವರಿಗೆ ಗಟ್ಟಿಯಾಗಿ ಹೇಳುತ್ತಾರೆ. ಇದಕ್ಕೆ ಪ್ರಾರ್ಥನೆ ಎಂದೇ ಹೆಸರು. ಹಣ್ಣುಕಾಯಿಗಿಂತ ಜನಕ್ಕೆ ಈ ಪ್ರಾರ್ಥನೆಯೇ ಮುಖ್ಯ. ಭಟ್ಟರ ಬಾಯಿಂದ ದೇವರ ಎದುರು ಒಂದು ಮಾತು ಹೊರಗೆ ಬಿತ್ತೆಂದರೆ ಅದು ದೇವರು ಹೇಳಿಸಿದ್ದು, ಇನ್ನು ಹಿಂದೆ ಹೋಗುವ ಹಾಗಿಲ್ಲ ಎಂದು ನಂಬುವವರು ಈಗಲೂ ಇದ್ದಾರೆ. ಫಿಸಿಕ್ಸ್ ಕಲಿಸುವ ಕೃಷ್ಣಕಿಶೋರ ಅವರಲ್ಲಿ ಒಬ್ಬ.

ಈ ವರ್ಷ ಅವನ ಮಗ ವಿಷ್ಣುಪ್ರಸಾದನ ಹತ್ತನೆಯ ತರಗತಿ. ಹುಡುಗನಿಗೆ ಒಳ್ಳೆಯ ಮಾರ್ಕು ಬಂತು. ಫಲಿತಾಂಶ ಬಂದ ವಾರವೇ ಕೃಷ್ಣಕಿಶೋರ ಹೆಂಡತಿ, ಮಗನನ್ನು ಕರೆದುಕೊಂಡು ಗುಡಿಗೆ ಬಂದ. ಗೋಪಾಲಕೃಷ್ಣ ಸರ್ ಗಣಹೋಮ ಮುಗಿಸಿ, ಪಂಚಕಜ್ಜಾಯ ನೈವೇದ್ಯ ಮಾಡಿ, ಮಂಗಳಾರತಿ ಎತ್ತಿದರು. ಅವರ ಹೆಂಡತಿ ರಮಾದೇವಿ ಬದಿಯಲ್ಲಿ ಬಾಳೆಲೆಯ ತುಂಡುಗಳನ್ನು ಒರೆಸಿ ಜೋಡಿಸುತ್ತಿದ್ದರು.

"ಪ್ರಾರ್ಥನೆ ಎಂತ ಮಾಡ್ಬೇಕು?" ಎಂದು ಗೋಪಾಲಕೃಷ್ಣ ಸರ್ ವಾಡಿಕೆಯಂತೆ ಕೇಳಿದರು.

"ಇವನದ್ದೇ ಮಾರಾಯ. ಮನೆಯಲ್ಲಿ ತೀರ್ಮಾನವೇ ಆಗ್ತಾ ಇಲ್ಲ. ಇವಳಿಗೆ ಮಗ ಡಾಕ್ಟರ್ ಆಗ್ಬೇಕು, ಪಿಸಿಎಂಬಿ. ಇವನಿಗೆ ಕಂಪ್ಯೂಟರ್ ಬೇಕು, ಪಿಸಿಎಂಸಿ. ನೀನೊಂದು ಪ್ರಾರ್ಥನೆ ಮಾಡು. ದೇವರು ಯಾವ ದಾರಿ ತೋರಿಸ್ತಾನೋ ಅದಕ್ಕೇ ಸೇರಿಸ್ತೇನೆ."

"ದಾರಿ ಎರಡೇಯಾ?"

"ಮತ್ತೆಂತ ಉಂಟು?" ಎಂದ ಕೃಷ್ಣಕಿಶೋರ.

ಅವನು ಅದನ್ನು ಚುಚ್ಚಲಿಕ್ಕೆ ಹೇಳಿದ್ದಲ್ಲ. ನಿಜವಾಗಿಯೂ ಅವನಿಗೆ ನೆನಪಾಗಲಿಲ್ಲ, ಅಷ್ಟೆ. ಎದುರಿಗೆ ನಿಂತವನು ಬದುಕಿಡೀ ಕಲಿಸಿದ ವಿಷಯವೊಂದು ಈ ಲೋಕದಲ್ಲಿ ಇದೆ ಎಂಬುದೇ ಅವನ ತಲೆಯಲ್ಲಿ ಸುಳಿಯಲಿಲ್ಲ. ಗೋಪಾಲಕೃಷ್ಣ ಸರ್‌ಗೆ ಹೋಮದ ಹೊಗೆಯಿಂದ ಉರಿಯುತ್ತಿದ್ದ ಕಣ್ಣಿಗಿಂತ ಹೆಚ್ಚಾಗಿ ಹೊಟ್ಟೆ ಉರಿಯಿತು. ಅವಮಾನ ಮಾಡಬೇಕೆಂದು ಮಾಡಿದರೆ ಅದಕ್ಕೊಂದು ಮರ್ಯಾದೆಯಾದರೂ ಇರುತ್ತದೆ. ಇದು ಅದೂ ಅಲ್ಲ.

ಅವರು ದೇವರ ಕಡೆ ತಿರುಗಿದರು. ದನಿ ಏರಿಸಿದರು.

"ಸ್ವಾಮಿ ಮಹಾಗಣಪತಿ ದೇವರೇ, ಕೃಷ್ಣಕಿಶೋರರು ಕುಟುಂಬ ಸಮೇತರಾಗಿ ನಿಮ್ಮ ಸನ್ನಿಧಾನಕ್ಕೆ ಬಂದು ಸೇವೆ ಸಲ್ಲಿಸಿದ್ದಾರೆ. ವಿಷ್ಣುಪ್ರಸಾದನೆಂಬ ಈ ಬಾಲಕನ ವಿದ್ಯೆಗೆ ಬರಬಹುದಾದ ಎಲ್ಲ ಅಡ್ಡಿ ಆತಂಕಗಳನ್ನು ಪರಿಹರಿಸಿ, ಅವನು ಕಾಮರ್ಸ್ ವಿದ್ಯಾಭ್ಯಾಸ ಮಾಡಿ ಕೀರ್ತಿವಂತನಾಗುವ ಹಾಗೆ ಅನುಗ್ರಹಿಸಬೇಕು ಅಂತ ಎಲ್ಲರೂ ಸೇರಿ ಪ್ರಾರ್ಥನೆ ಮಾಡುತ್ತಾ ಇದ್ದೇವೆ..."

ಕಾಮರ್ಸ್ ಎಂಬುದನ್ನು ಅವರು ಸ್ಪಷ್ಟವಾಗಿ, ಪಾಠ ಮಾಡುವಾಗಿನ ಹಾಗೆ ಬಿಡಿಸಿ ಹೇಳಿದ್ದರು. ನಾಲಿಗೆ ಹೊರಳಿತು ಎಂದು ಆಮೇಲೆ ತಮಗೆ ತಾವೇ ಸಮಾಧಾನ ಹೇಳಿಕೊಂಡರು. ಹೊರಳಿರಲಿಲ್ಲ.

ಕೃಷ್ಣಕಿಶೋರನ ಹೆಂಡತಿ ಮುಚ್ಚಿದ್ದ ಕಣ್ಣು ತೆರೆದಳು. ಕೃಷ್ಣಕಿಶೋರ ಮುಗಿದ ಕೈಯನ್ನು ಬಿಡದೆ, ಪಿಸುದನಿಯಲ್ಲಿ, "ಗೋಪಾಲ, ಎಂತ ಹೇಳಿದೆ ನೀನು?" ಎಂದ.

ಅಲ್ಲಿಗೇ ಮುಗಿಸಬಹುದಿತ್ತು. ಬಾಯಿ ತಪ್ಪಿತು ಮಾರಾಯ ಎಂದು ಇನ್ನೊಮ್ಮೆ ಪ್ರಾರ್ಥನೆ ಮಾಡಿದ್ದರೆ ಎಲ್ಲರೂ ನಕ್ಕು ಪಂಚಕಜ್ಜಾಯ ತಿಂದು ಮನೆಗೆ ಹೋಗುತ್ತಿದ್ದರು. ಆದರೆ ಕೃಷ್ಣಕಿಶೋರನ ಮುಖದಲ್ಲಿ ಅಂಥ ಒಂದು ಗಾಬರಿಯನ್ನು ಗೋಪಾಲಕೃಷ್ಣ ಸರ್ ಅದುವರೆಗೆ ನೋಡಿರಲಿಲ್ಲ. ನೋಡಿ ಅವರಿಗೆ ಒಳಗೊಳಗೆ ತಂಪಾಯಿತು. "ನನಗೆ ಗೊತ್ತಿಲ್ಲ" ಎಂದರು. "ಬಾಯಿಗೆ ಬಂತು."

ಕೃಷ್ಣಕಿಶೋರ ಅಲ್ಲೇ ದೇವರಿಗೆ ಅಡ್ಡಬಿದ್ದ.

ಅವರು ಹೋದ ಮೇಲೆ ರಮಾದೇವಿ ಹರಿವಾಣ ತೊಳೆಯುತ್ತಾ ಕೇಳಿದರು, "ಬಾಯಿಗೆ ಬಂತಾ?"

"ಹೌದು."

"ನಿಮ್ಮ ಹೊಟ್ಟೆಯಲ್ಲಿ ಇದ್ದದ್ದು ಬಾಯಿಗೆ ಬಂತು. ಅದಕ್ಕೆ ಗಣಪತಿಯ ಹೆಸರು ಯಾಕೆ?"

"ನಿನಗೆಂತ ಗೊತ್ತು?"

"ನಿಮ್ಮ ಜೊತೆ ಇಷ್ಟು ವರ್ಷ ಇದ್ದು ಅಷ್ಟೂ ಗೊತ್ತಾಗುದಿಲ್ವಾ? ಆ ಹುಡುಗನ ಮುಖ ನೋಡಿದ್ರಾ ನೀವು?"

ನೋಡಿರಲಿಲ್ಲ. ಅವರು ನೋಡುತ್ತಿದ್ದದ್ದು ಅಪ್ಪನ ಮುಖವನ್ನು. ಮುಖ ಊದಿಸಿಕೊಂಡು ಗರ್ಭಗುಡಿಯ ಬಾಗಿಲು ಹಾಕಲು ಹೋದರು. ಬಾಗಿಲು ಹಾಕುವಾಗ ದೇವರ ಕಡೆ ಕಣ್ಣೆತ್ತಿ ನೋಡಲಿಲ್ಲ.

ಕಾಲೇಜಿನಲ್ಲಿ ವಿಷಯ ಹಬ್ಬಿದ್ದು ಬೇರೆ ಯಾರಿಂದಲೂ ಅಲ್ಲ, ಕೃಷ್ಣಕಿಶೋರನಿಂದಲೇ. "ನಾವು ಪಿಸಿಎಂಬಿ, ಪಿಸಿಎಂಸಿ ಅಂತ ಬಡ್ಕೊಳ್ತಾ ಇದ್ದೆವು ಮಾರಾಯ್ರೇ, ದೇವರು ನಮಗೆ ಗೊತ್ತೇ ಇಲ್ಲದ ದಾರಿ ತೋರಿಸಿದ. ಗೋಪಾಲನ ಬಾಯಲ್ಲಿ ಹೇಳಿಸಿದ. ಅವನಿಗೇ ಗೊತ್ತಿಲ್ಲ ಹೇಳಿದ್ದು!" ಎಂದು ಸ್ಟಾಫ್ ರೂಮಿನಲ್ಲಿ ಕಂಡವರಿಗೆಲ್ಲ ಹೇಳಿದ. ಕೆಮಿಸ್ಟ್ರಿಯ ಹಾಶಿಂ ಸರ್ ಅರ್ಧ ತಮಾಷೆಗೆ, ಅರ್ಧ ನಿಜಕ್ಕೆ, "ಹಾಗಾದ್ರೆ ನಿಮ್ಮ ಹತ್ರ ಸ್ವಲ್ಪ ಜಾಗ್ರತೆಯಲ್ಲಿ ಮಾತಾಡ್ಬೇಕು ಗೋಪಾಲಣ್ಣ" ಎಂದರು. ಅಟೆಂಡರ್ ಚನಿಯ, ತನ್ನ ಮಗಳ ಮದುವೆಯ ವಿಷಯಕ್ಕೆ ಒಂದು ಪ್ರಾರ್ಥನೆ ಮಾಡಿಕೊಡಬೇಕೆಂದು ಚಹಾದ ಲೋಟ ಇಡುವಾಗ ಮೆಲ್ಲಗೆ ಕೇಳಿದ.

ಗೋಪಾಲಕೃಷ್ಣ ಸರ್ ಆ ವಾರ ಇಸ್ತ್ರಿ ಹಾಕಿದ ಅಂಗಿಯನ್ನೇ ಹಾಕಿಕೊಂಡು ಬಂದರು. ನಡಿಗೆಯೇ ಬದಲಾಯಿತು. ಹಾಗೆಂದು ಹೊಟ್ಟೆಕಿಚ್ಚು ಆರಿತೇ? ಎಲ್ಲಿಯದು. ಕಾರಿಡಾರಿನಲ್ಲಿ ಇಬ್ಬರು ಮೇಡಂಗಳು ಮಾತಾಡಿಕೊಳ್ಳುವುದು ಅವರ ಕಿವಿಗೆ ಬಿತ್ತು: "ಎಷ್ಟು ದೊಡ್ಡ ಮನಸ್ಸಲ್ವಾ ಕಿಶೋರ್ ಸರ್‌ದು? ಅಷ್ಟು ಮಾರ್ಕು ಬಂದ ಮಗನನ್ನು ದೇವರ ಮಾತಿಗೆ ಕಾಮರ್ಸಿಗೆ ಹಾಕ್ತಾರಂತೆ." ತಾನು ಕಿತ್ತುಕೊಂಡದ್ದಕ್ಕೂ ಹೊಗಳಿಕೆ ಅವನಿಗೇ! ತಾನು ಗೆದ್ದರೂ ಹಾರ ಅವನ ಕೊರಳಿಗೆ. ಅಂದು ಅವರು ಕ್ಯಾಂಟೀನಿನಲ್ಲಿ ತೆಗೆದುಕೊಂಡ ಗೋಳಿಬಜೆ ಹಾಗೆಯೇ ತಟ್ಟೆಯಲ್ಲಿ ತಣ್ಣಗಾಯಿತು.

ಅಡ್ಮಿಷನ್ ದಿನ ಕೃಷ್ಣಕಿಶೋರ ಸೈನ್ಸಿನ ಟೇಬಲನ್ನು ಹಾಶಿಂ ಸರ್‌ಗೆ ಒಪ್ಪಿಸಿ ಎದ್ದ. ಗೇಟಿನಲ್ಲಿ ಕಾಯುತ್ತಿದ್ದ ಮಗನನ್ನು ಕರೆದುಕೊಂಡು ಹಾಲಿಗೆ ಬಂದ. ಸೈನ್ಸಿನ ಸಾಲಿನಲ್ಲಿ ನಿಂತ ತಾಯ್ತಂದೆಯರು "ಸರ್, ನಮಸ್ಕಾರ" ಎಂದು ದಾರಿ ಬಿಟ್ಟರು. ಅವರ ನಡುವಿನಿಂದ ಹಾದು, ಆ ಟೇಬಲನ್ನು ದಾಟಿ, ಇಡೀ ಹಾಲು ನೋಡುತ್ತಿರುವ ಹಾಗೆ, ಅಪ್ಪ ಮಗ ಕಿಟಕಿಯ ಬದಿಗೆ ನಡೆದು ಬಂದರು. ಗೋಪಾಲಕೃಷ್ಣ ಸರ್ ಎಷ್ಟೋ ಮೇ ತಿಂಗಳುಗಳಿಂದ ಕಣ್ಣಲ್ಲಿ ಕಟ್ಟಿಕೊಂಡಿದ್ದ ದೃಶ್ಯವೇ ಇದು.

"ತಗೋ ಮಾರಾಯ. ಇನ್ನು ಇವ ನಿನ್ನವ" ಎಂದ ಕೃಷ್ಣಕಿಶೋರ. ನಗಲು ನೋಡಿದ. ಅಷ್ಟರಲ್ಲಿ ಯಾರೋ ಕರೆದರೆಂದು ನಾಲ್ಕು ಹೆಜ್ಜೆ ಆಚೆ ಹೋದ.

ವಿಷ್ಣುಪ್ರಸಾದ ಕುರ್ಚಿಯ ತುದಿಯಲ್ಲಿ ಕೂತ. ಗೋಪಾಲಕೃಷ್ಣ ಸರ್ ಈಗ ಹುಡುಗನ ಮುಖ ನೋಡಿದರು. ನೋಡದೆ ವಿಧಿಯಿರಲಿಲ್ಲ, ಎದುರಿಗೇ ಇತ್ತು. ಅವನ ಕಣ್ಣು ಸೈನ್ಸಿನ ಸಾಲಿನ ಕಡೆಗಿತ್ತು. ಅಲ್ಲಿ ಅವನ ಶಾಲೆಯ ಗೆಳೆಯರು ಒಬ್ಬರನ್ನೊಬ್ಬರು ತಳ್ಳಾಡಿಕೊಂಡು ನಗುತ್ತಿದ್ದರು.

"ಸ್ಟ್ಯಾಟಿಸ್ಟಿಕ್ಸ್ ಇರುವುದು ಬೇಕಾ, ಕಂಪ್ಯೂಟರ್ ಇರುವುದು ಬೇಕಾ?"

"ಯಾವುದಾದ್ರೂ ಆಗ್ಬಹುದು ಸರ್."

"ಯಾವುದಾದ್ರೂ ಅಂದ್ರೆ?"

"ದೇವರು ಕಾಮರ್ಸ್ ಅಂತ ಮಾತ್ರ ಹೇಳಿದ್ದಲ್ವಾ ಸರ್. ಬಾಕಿದ್ದು ನೀವೇ ಹೇಳಿ."

ಹುಡುಗ ಕುಹಕ ಆಡುತ್ತಿರಲಿಲ್ಲ. ಒಪ್ಪಿಕೊಂಡು ಬಿಟ್ಟಿದ್ದ. ಗೋಪಾಲಕೃಷ್ಣ ಸರ್ ಪೆನ್ನನ್ನು ಮುಚ್ಚಿದರು, ತೆರೆದರು. "ನಿನಗೆ ನಿಜಕ್ಕೂ ಎಂತ ಓದ್ಬೇಕು ಅಂತ ಇತ್ತು?"

"ನಂಗಾ?" ಹುಡುಗ ಅಪ್ಪ ದೂರ ಇದ್ದಾನೆಯೇ ಎಂದು ಒಮ್ಮೆ ತಿರುಗಿ ನೋಡಿಕೊಂಡ. "ಕಂಪ್ಯೂಟರ್ ಅಂತ ಮನೆಯಲ್ಲಿ ಹೇಳಿದ್ದು. ಆದ್ರೆ ನಂಗೆ ಇಷ್ಟ ಫಿಸಿಕ್ಸ್ ಸರ್. ಅಪ್ಪ ಮನೆಯಲ್ಲಿ ಬೇರೆ ಮಕ್ಕಳಿಗೆ ಹೇಳಿ ಕೊಡುವಾಗ ನಾನು ಒಳಗಿನಿಂದ ಕೇಳ್ತಿದ್ದೆ. ಒಂದು ಸಲ ಕ್ಲಾಸಿನಲ್ಲಿ ಮುಂದಿನ ಬೆಂಚಲ್ಲಿ ಕೂತು ಅಪ್ಪನ ಪಾಠ ಕೇಳ್ಬೇಕು ಅಂತ ಇತ್ತು."

ಗೋಪಾಲಕೃಷ್ಣ ಸರ್‌ಗೆ ಆಗ ಆದ ಹೊಟ್ಟೆಕಿಚ್ಚು ಅದುವರೆಗಿನ ಯಾವ ಫ್ಲೆಕ್ಸಿಗೂ, ಯಾವ ಮಾವಿನ ಪೆಟ್ಟಿಗೆಗೂ ಆಗಿರಲಿಲ್ಲ. ಮಗನೊಬ್ಬ ತನ್ನ ಅಪ್ಪನ ತರಗತಿಯಲ್ಲಿ ಕೂರಬೇಕೆಂದು ಆಸೆಪಡುವುದು! ಶ್ರಾವಣಿ ಒಂದು ದಿನವಾದರೂ ತನ್ನ ತರಗತಿಯ ಬಾಗಿಲಲ್ಲಿ ಇಣುಕಿದ್ದಳೇ? ಇಲ್ಲ, ಬಿಡುವುದಿಲ್ಲ, ಎಲ್ಲವೂ ಅವನಿಗೇ ಯಾಕೆ, ಇದೊಂದಾದರೂ ನನ್ನ ಕೈಯಲ್ಲಿ ಇರಲಿ ಎಂದು ಮನಸ್ಸು ಹಟ ಹಿಡಿಯಿತು. ಸುಮ್ಮನೆ ಕೂತರೆ ಸಾಕಿತ್ತು. ಹುಡುಗ ಸೇರುತ್ತಿದ್ದ, ಚೆನ್ನಾಗಿಯೇ ಓದುತ್ತಿದ್ದ, ಯಾರಿಗೂ ಏನೂ ಗೊತ್ತಾಗುತ್ತಿರಲಿಲ್ಲ. ಎರಡು ವರ್ಷ ದಿನಾ ತನ್ನ ಮುಂದಿನ ಬೆಂಚಿನಲ್ಲಿ ಈ ಮುಖ ಇರುತ್ತಿತ್ತು, ದೇವರು ಹೇಳಿದ್ದನ್ನು ಬರೆದುಕೊಳ್ಳುತ್ತಾ.

ಅದನ್ನು ನೆನೆದಾಗ ಅವರಿಗೆ ಹೆದರಿಕೆಯಾಯಿತು. ಕುರ್ಚಿ ಹಿಂದಕ್ಕೆ ತಳ್ಳಿ ಎದ್ದರು. "ಕಿಶೋರ" ಎಂದು ಕರೆದರು. ದನಿ ಅಂದುಕೊಂಡದ್ದಕ್ಕಿಂತ ಗಟ್ಟಿಯಾಗಿ ಬಂತು. ಹಾಲಿನಲ್ಲಿ ಹತ್ತಿರದವರು ತಿರುಗಿದರು.

ಕೃಷ್ಣಕಿಶೋರ ಬಂದ. "ಎಂತ, ಮಾರ್ಕ್ಸ್ ಕಾರ್ಡ್ ಜೆರಾಕ್ಸ್ ಸಾಲದಾ?"

"ಅದು ದೇವರು ಹೇಳಿಸಿದ್ದಲ್ಲ."

"ಯಾವುದು?"

"ಅವತ್ತು ಗುಡಿಯಲ್ಲಿ. ಕಾಮರ್ಸ್ ಅಂತ. ಅದು ಬಾಯಿಗೆ ಬಂದದ್ದಲ್ಲ, ನಾನು ಬೇಕು ಅಂತ ಹೇಳಿದ್ದು. ನನಗೆ ನಿನ್ನ ಮೇಲೆ ಹೊಟ್ಟೆಕಿಚ್ಚು ಮಾರಾಯ. ಇವತ್ತು ನಿನ್ನೆಯದ್ದಲ್ಲ." ಅವರು ಅರ್ಜಿಯನ್ನು ಮಡಚಿ ಬದಿಗಿಟ್ಟರು. "ಹುಡುಗನನ್ನು ಕರ್ಕೊಂಡು ಹೋಗು. ಅವನಿಗೆ ಫಿಸಿಕ್ಸ್ ಬೇಕಂತೆ. ನಿನ್ನ ಕ್ಲಾಸಲ್ಲಿ ಕೂತ್ಕೊಳ್ಬೇಕಂತೆ."

ಚಹಾದ ತಟ್ಟೆ ಹಿಡಿದಿದ್ದ ಚನಿಯ ಕಣ್ಣು ಕೆಳಗೆ ಹಾಕಿದ. ವಿಷ್ಣುಪ್ರಸಾದ ಆಗಲೇ ಎದ್ದು ನಿಂತಿದ್ದ. ಅವನ ಮುಖದಲ್ಲಿ ಬಂದ ಬೆಳಕನ್ನು ಅವನಿಗೆ ಬಚ್ಚಿಡಲು ಆಗಲಿಲ್ಲ. ಅವನು ಅಪ್ಪನನ್ನು ನೋಡಿದ, ಅಪ್ಪ ಹೂಂ ಎನ್ನುವ ಮೊದಲೇ ಗೆಳೆಯರಿದ್ದ ಸಾಲಿಗೆ ಹೆಚ್ಚುಕಡಿಮೆ ಓಡಿದ.

ಕೃಷ್ಣಕಿಶೋರ ಹೋಗಲಿಲ್ಲ. ಮಗ ಎದ್ದ ಕುರ್ಚಿಯ ಬೆನ್ನು ಹಿಡಿದುಕೊಂಡು ನಿಂತೇ ಇದ್ದ. ಈಗ ಬೈಯುತ್ತಾನೆ, ಬೈಯಲಿ ಎಂದು ಗೋಪಾಲಕೃಷ್ಣ ಸರ್ ಕಾದರು. ಬೈದಿದ್ದರೆ ಒಳ್ಳೆಯದಿತ್ತು.

"ನಿಜವಾಗಿಯೂ ಬಾಯಿಗೆ ಬಂದದ್ದಲ್ವಾ?"

"ಅಲ್ಲ."

"ಸ್ವಲ್ಪವೂ?"

"ಇಲ್ಲ ಮಾರಾಯ."

ಕೃಷ್ಣಕಿಶೋರ ತಲೆ ಆಡಿಸಿದ. ಅವನ ದನಿ ತುಂಬ ತಗ್ಗಿತ್ತು. "ನನ್ನ ಅಪ್ಪ ಬದುಕಿಡೀ ಪೂಜೆ ಮಾಡಿದವರು. ನಾನೂ ಒಂದು ದಿನ ಬಿಡದೆ ಮಾಡ್ತೇನೆ, ನಿನಗೆ ಗೊತ್ತುಂಟು. ನನ್ನ ಬಾಯಿಗೆ ಹಾಗೆ ಒಂದು ಮಾತು ಯಾವತ್ತೂ ಬರ್ಲಿಲ್ಲ. ಈ ವಾರ ಇಡೀ ನನಗೆ ಮಗನ ಚಿಂತೆಯೇ ಇರ್ಲಿಲ್ಲ. ನನಗೆ ಕೊಡದ್ದನ್ನು ದೇವರು ಗೋಪಾಲನಿಗೆ ಕೊಟ್ಟನಲ್ಲ ಅಂತ... ಊರಿಡೀ ಹೇಳ್ಕೊಂಡು ಬಂದೆ, ನಗಾಡ್ತಾ ಹೇಳಿದೆ. ಒಳಗೆ ನಿನ್ನ ಮೇಲೆ ಎಷ್ಟು ಹೊಟ್ಟೆಕಿಚ್ಚಾಯ್ತು ಗೊತ್ತುಂಟಾ?"

ಇಷ್ಟು ಹೇಳಿ ಅವನು ಮಗನ ಹಿಂದೆ ಹೋದ. ಅವನ ಹೆಗಲು ಹಗುರಾದ ಹಾಗೆ ಕಂಡಿತು.

ಗೋಪಾಲಕೃಷ್ಣ ಸರ್ ಕೂತರು. ಈ ಒಬ್ಬ ಮನುಷ್ಯನ ಬಾಯಿಂದ ಈ ಒಂದು ಮಾತು ಕೇಳಬೇಕೆಂದು ಅವರು ತಲೆಗೂದಲು ನೆರೆಯುವಷ್ಟು ಕಾಲ ಕಾದಿದ್ದರು. ಕೇಳಿಸಿತ್ತು. ಆದರೆ ಅವನಿಗೆ ಹೊಟ್ಟೆಕಿಚ್ಚು ತಂದದ್ದು ಏನಿತ್ತೋ, ಬಾಯಿಗೆ ಬಂದ ದೇವರ ಮಾತು, ಅದು ತಮ್ಮಲ್ಲಿ ಇರಲೇ ಇಲ್ಲ ಎಂದು ಅವರೇ ಈಗಷ್ಟೆ ಎಲ್ಲರೆದುರು ಹೇಳಿ ಮುಗಿಸಿದ್ದರು.

ಒಬ್ಬ ತಾಯಿ ಮಗಳ ಕೈ ಹಿಡಿದುಕೊಂಡು ಟೇಬಲಿನ ಮುಂದೆ ಬಂದು ನಿಂತಳು. "ಕೂತ್ಕೊಳ್ಳಿ" ಎಂದರು ಗೋಪಾಲಕೃಷ್ಣ ಸರ್.